ಎರಡೂವರೆ ಗಂಟೆ ಎಲ್ಲಿ ಹೋಯಿತು?

ಮಾರಿಕುಪ್ಪಂನಿಂದ ಬೆಂಗಳೂರಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗಲು ಹೆಚ್ಚುಕಡಿಮೆ ಎರಡೂವರೆ ಗಂಟೆ ಹಿಡಿಯುತ್ತದೆ. ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಹೋಗಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಮೊದಲನೆಯದರಲ್ಲಿ ಸಾಗುವ ದೂರ ಸುಮಾರು 85 ಕಿ.ಮೀ.; ಎರಡನೆಯದರಲ್ಲಿ ಸುಮಾರು 1,700 ಕಿ.ಮೀ. ಟಿಕೆಟ್ಟಿನ ಬೆಲೆಯಲ್ಲಂತೂ ಅಜಗಜಾಂತರ. ಆದರೆ ಮಣಿಕಟ್ಟಿನ ಗಡಿಯಾರಕ್ಕೆ ಬಡವ ಬಲ್ಲಿದನೆಂಬ ಭೇದವಿಲ್ಲ. ಇಳಿಯುವಾಗ ಇಬ್ಬರು ಪ್ರಯಾಣಿಕರ ಆಯುಷ್ಯದಲ್ಲೂ ಕಳೆದಿರುವುದು ಅದೇ ಎರಡೂವರೆ ಗಂಟೆ. ಆ ಹೊತ್ತು ಎಲ್ಲಿ ಹೋಯಿತೆಂದು ಕೇಳಿದರೆ ಇಬ್ಬರೂ ತಲೆ ಕೆರೆದುಕೊಳ್ಳುವುದೇ ಹೆಚ್ಚು.

ಕೋಲಾರ ಚಿನ್ನದ ಗಣಿ ಪ್ರದೇಶದ ಜನರಿಗೆ ಇದು ಹರಟೆಯ ವಿಷಯವಲ್ಲ, ಬದುಕಿನ ಪ್ರಶ್ನೆ. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ 16 ಕಿ.ಮೀ. ರೈಲು ಮಾರ್ಗ ಹಾಕಿದ್ದು 1894ರಲ್ಲಿ, ಗಣಿಗಾಗಿ. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು. ಒಂದು ಕಾಲಕ್ಕೆ ಯಂತ್ರಗಳನ್ನೂ ಕೂಲಿಯವರನ್ನೂ ಗಣಿಗೆ ತಂದು ಇಳಿಸಿದ ಅದೇ ಹಳಿ, ಈಗ ಆ ಕೂಲಿಯವರ ಮಕ್ಕಳು ಮೊಮ್ಮಕ್ಕಳನ್ನು ನಿತ್ಯ ನಸುಕಿನಲ್ಲಿ ಬೆಂಗಳೂರಿಗೆ ಒಯ್ಯುತ್ತದೆ. ಕಾರ್ಖಾನೆಗೆ, ಕಚೇರಿಗೆ, ಅಂಗಡಿಗೆ, ಆಸ್ಪತ್ರೆಗೆ, ಕಟ್ಟಡದ ಕೆಲಸಕ್ಕೆ ಹೋಗುವವರ ನಡುವೆ ಪುಸ್ತಕದ ಚೀಲ ಹೊತ್ತ ವಿದ್ಯಾರ್ಥಿಗಳೂ ಇರುತ್ತಾರೆ.

ಒಂದು ಸಣ್ಣ ಲೆಕ್ಕ ಮಾಡಬಹುದು. ಹೋಗಲು ಎರಡೂವರೆ, ಬರಲು ಎರಡೂವರೆ: ದಿನಕ್ಕೆ ಐದು ಗಂಟೆ. ವರ್ಷಕ್ಕೆ 240 ದಿನ ಕಾಲೇಜು ಎಂದು ಹಿಡಿದರೆ 1,200 ಗಂಟೆ. ಅಂದರೆ ಪೂರ್ತಿ ಐವತ್ತು ಹಗಲು, ಐವತ್ತು ರಾತ್ರಿ. ಪದವಿ ಓದುವ ಮೂರು ವರ್ಷದಲ್ಲಿ ಐದು ತಿಂಗಳು ರೈಲಿನಲ್ಲೇ ಕಳೆದಂತಾಯಿತು. ತರಗತಿಯಲ್ಲಿ ಕೂರುವಷ್ಟೇ ಹೊತ್ತು ಬೋಗಿಯಲ್ಲೂ ಕೂರುವ ಹುಡುಗ ಹುಡುಗಿಯರಿಗೆ ತರಗತಿಗೊಂದು ವೇಳಾಪಟ್ಟಿ ಇದೆ, ಬೋಗಿಗೆ ಇಲ್ಲ.

ಉರಿಗಾಂನ ಹುಡುಗಿ

ಉರಿಗಾಂನಿಂದ ಬೆಂಗಳೂರಿಗೆ ಬಿ.ಎಸ್ಸಿ. ಓದಲು ಹೋಗುತ್ತಿದ್ದ ಹುಡುಗಿಯೊಬ್ಬಳ ಸಂಗತಿ ಇಲ್ಲಿ ಹೇಳುವಂಥದು. ಮೊದಲ ಸೆಮಿಸ್ಟರಿನಲ್ಲಿ ಅವಳ ಚೀಲದಲ್ಲಿ ನಾಲ್ಕು ದಪ್ಪ ಪುಸ್ತಕಗಳು ಇರುತ್ತಿದ್ದವು. ‘ರೈಲಿನಲ್ಲಿ ಹೇಗೂ ಓದಬಹುದು’ ಎಂಬುದು ಅವಳ ಧೈರ್ಯ. ಮನೆಯವರ ಧೈರ್ಯವೂ ಅದೇ. ಗಾಡಿ ಹೊರಟ ಮೇಲೆ ಯಾವ ಪುಸ್ತಕ ತೆಗೆಯಲಿ ಎಂದು ಯೋಚಿಸುವುದರಲ್ಲಿ ಬಂಗಾರಪೇಟೆ ಬರುತ್ತಿತ್ತು. ಅಲ್ಲಿ ಜನ ನುಗ್ಗುತ್ತಿದ್ದರು. ಒಂದು ಪುಟ ತಿರುವುವಷ್ಟರಲ್ಲಿ ಫೋನು ಕುಂಯ್‌ಗುಟ್ಟುತ್ತಿತ್ತು. ಅದನ್ನು ನೋಡಿ ಮುಗಿಸುವಷ್ಟರಲ್ಲಿ ಮಾಲೂರು. ಆಮೇಲೆ ತೂಕಡಿಕೆ. ವೈಟ್‌ಫೀಲ್ಡಿನಲ್ಲಿ ಎಚ್ಚರವಾದರೆ ಪುಸ್ತಕ ಮಡಿಲಲ್ಲಿ, ಪುಟ ಅದೇ.

ಫಲಿತಾಂಶ ಬಂದಾಗ ಭೌತಶಾಸ್ತ್ರ ಮತ್ತು ಗಣಿತ ಎರಡೂ ಉಳಿದಿದ್ದವು. ಅವಳ ತಂದೆ ಕೂಡ ಇದೇ ರೈಲಿನ ಪ್ರಯಾಣಿಕರು. ವೈಟ್‌ಫೀಲ್ಡಿನ ಕಡೆ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ. ಹಾಸ್ಟೆಲ್ಲಿನ ಖರ್ಚು ವಿಚಾರಿಸಿ ಬಂದು ಸುಮ್ಮನೆ ಕುಳಿತರು. ‘ಸಾಕು, ಇಲ್ಲೇ ಹತ್ತಿರ ಏನಾದರೂ ಕಲಿಯಲಿ’ ಎಂದು ತಾಯಿ ಹೇಳಿದ್ದರಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಕೊನೆಗೆ ಇನ್ನೊಂದು ಸೆಮಿಸ್ಟರ್ ನೋಡೋಣ ಎಂದಾಯಿತು. ಹುಡುಗಿಯ ಕೈಯಲ್ಲಿ ಇದ್ದದ್ದು ಆರು ತಿಂಗಳು, ಮತ್ತು ಅದೇ ರೈಲು.

ಅವಳು ಮಾಡಿದ ಬದಲಾವಣೆಗಳು ಬಲು ಸಣ್ಣವು. ದಪ್ಪ ಪುಸ್ತಕಗಳನ್ನು ಮನೆಯಲ್ಲಿ ಬಿಟ್ಟಳು. ನಾಳೆ ರೈಲಿನಲ್ಲಿ ಓದಬೇಕಾದ್ದನ್ನು ಇವತ್ತು ರಾತ್ರಿಯೇ ಗೊತ್ತುಮಾಡಿಕೊಂಡಳು: ಒಂದು ಸಾಧನೆ, ಇಲ್ಲವೇ ಎರಡು ಲೆಕ್ಕ, ಇಲ್ಲವೇ ನಾಲ್ಕು ಪುಟ. ಅಷ್ಟನ್ನು ಒಂದು ತೆಳು ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಂಡಳು. ಗಡಿಯಾರದ ಬದಲು ನಿಲ್ದಾಣಗಳನ್ನೇ ಗಡುವು ಮಾಡಿಕೊಂಡಳು. ಬಂಗಾರಪೇಟೆ ಬಿಟ್ಟ ಕೂಡಲೇ ಪುಸ್ತಕ ತೆರೆಯುವುದು, ಟೇಕಲ್ಲಿನ ಬಂಡೆಗಳು ಕಾಣುವ ಹೊತ್ತಿಗೆ ಅರ್ಧ ಮುಗಿಸುವುದು, ಮಾಲೂರಿನ ಹೆಂಚಿನ ಕಾರ್ಖಾನೆಗಳ ಚಿಮಣಿ ಕಂಡಾಗ ಮುಚ್ಚುವುದು. ಮಾಲೂರಿನಿಂದ ಮುಂದೆ ಕೈ ಅಲ್ಲಾಡಿಸಲೂ ಜಾಗವಿಲ್ಲದಷ್ಟು ಜನ. ಆಗ ಕಣ್ಣು ಮುಚ್ಚಿ, ಓದಿದ್ದನ್ನು ಮನಸ್ಸಿನಲ್ಲೇ ಮೊದಲಿಂದ ಹೇಳಿಕೊಳ್ಳುವುದು. ಎಲ್ಲಿ ತಡವರಿಸಿತೋ ಅದನ್ನು ಕಾಲೇಜಿಗೆ ಹೋದ ಮೇಲೆ ನೋಡುವುದು. ಸಂಜೆಯ ಗಾಡಿಯಲ್ಲಿ ಪುಸ್ತಕದ ಮಾತೇ ಇಲ್ಲ. ಮಾಲೂರಿನವರೆಗೆ ನಿದ್ದೆ, ಆಮೇಲೆ ಗೆಳತಿಯರ ಜೊತೆ ಮಾತು.

ಹೀಗೆ ಓದಿಗೆ ಸಿಕ್ಕಿದ್ದು ದಿನಕ್ಕೆ ಮುಕ್ಕಾಲು ಗಂಟೆಗಿಂತ ಕಡಿಮೆ. ಮುಂದಿನ ಪರೀಕ್ಷೆಯಲ್ಲಿ ಅವಳು ರ್‍ಯಾಂಕ್ ಪಡೆಯಲಿಲ್ಲ. ಆದರೆ ಉಳಿದಿದ್ದ ಎರಡೂ ವಿಷಯಗಳು ಪಾಸಾದವು, ಹೊಸದಾಗಿ ಯಾವುದೂ ಉಳಿಯಲಿಲ್ಲ. ಮನೆಯಲ್ಲಿ ಕಾಲೇಜು ಬಿಡಿಸುವ ಮಾತು ನಿಂತಿತು.

ಅಲುಗಾಟ ಮತ್ತು ಗಮನ

ಇದರಲ್ಲಿ ಪವಾಡವೇನೂ ಇಲ್ಲ, ಕಾರಣಗಳಿವೆ. ಓದಿಗಿಂತ ‘ಏನು ಓದಲಿ’ ಎಂಬ ತೀರ್ಮಾನವೇ ಮನಸ್ಸಿಗೆ ಹೆಚ್ಚು ಭಾರ. ಗದ್ದಲದ ನಡುವೆ ತೀರ್ಮಾನ ಮಾಡಲು ಹೊರಟರೆ ಗದ್ದಲವೇ ಗೆಲ್ಲುತ್ತದೆ. ಅದನ್ನು ಹಿಂದಿನ ರಾತ್ರಿ ಮನೆಯ ಶಾಂತಿಯಲ್ಲಿ ಮುಗಿಸಿದವರಿಗೆ ಗಾಡಿಯಲ್ಲಿ ಉಳಿಯುವುದು ಕೆಲಸ ಮಾತ್ರ. ಎರಡನೆಯದಾಗಿ, ಓದಿದ್ದನ್ನೇ ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದರಿಂದ ವಿಷಯ ಹೆಚ್ಚು ದಿನ ಉಳಿಯುತ್ತದೆಂಬುದು ಮನೋವಿಜ್ಞಾನದಲ್ಲಿ ಚೆನ್ನಾಗಿ ಸಿದ್ಧಪಟ್ಟ ಸಂಗತಿ. ನೂಕುನುಗ್ಗಲಿನಲ್ಲಿ ಪುಸ್ತಕ ಹಿಡಿಯಲು ಆಗದ್ದು ಆ ಹುಡುಗಿಗೆ ಒಂದು ರೀತಿಯಲ್ಲಿ ಅನುಕೂಲವೇ ಆಯಿತು.

ಕೆಲವು ಮಕ್ಕಳಿಗೆ ಗಾಡಿಯಲ್ಲಿ ಓದಿದರೆ ತಲೆ ಸುತ್ತು, ವಾಕರಿಕೆ. ಅದನ್ನು ಸೋಮಾರಿತನದ ನೆಪವೆಂದು ತಂದೆತಾಯಿ ಗದರಬಾರದು. ಒಳಗಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವ ‘ದೇಹ ಚಲಿಸುತ್ತಿದೆ’ ಎಂದು ಮಿದುಳಿಗೆ ವರದಿ ಮಾಡುತ್ತದೆ. ಪುಟದ ಮೇಲೆ ನೆಟ್ಟ ಕಣ್ಣು ‘ಎಲ್ಲವೂ ನಿಂತಿದೆ’ ಎನ್ನುತ್ತದೆ. ಈ ಎರಡು ವರದಿಗಳ ಜಗಳವೇ ವಾಕರಿಕೆ. ತಿರುವು, ಗುಂಡಿ, ಬ್ರೇಕುಗಳ ಬಸ್ಸಿನಲ್ಲಿ ಇದು ಹೆಚ್ಚು, ರೈಲಿನಲ್ಲಿ ಕಡಿಮೆ. ವಿಮಾನದಲ್ಲಿ ರೆಕ್ಕೆಗಳ ಮಟ್ಟದ ಸಾಲುಗಳಲ್ಲಿ ಕುಳಿತವರಿಗೆ ಅಲುಗಾಟ ಕಡಿಮೆ, ಬಾಲದ ಕಡೆಯವರಿಗೆ ಹೆಚ್ಚು. ಗಾಡಿ ಹೋಗುವ ದಿಕ್ಕಿಗೆ ಮುಖಮಾಡಿ ಕೂರುವುದು, ಆಗಾಗ ತಲೆಯೆತ್ತಿ ದೂರದ ದಿಗಂತ ನೋಡುವುದು ಸುಲಭದ ಪರಿಹಾರ. ಅದಕ್ಕೂ ಬಗ್ಗದಿದ್ದರೆ ಕಣ್ಣಿಗೆ ರಜೆ ಕೊಟ್ಟು ಕಿವಿಗೆ ಕೆಲಸ ಕೊಡಬಹುದು: ಪಾಠವನ್ನು ತಾನೇ ಓದಿ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳುವುದು.

ಗಣಿಯ ತೊಟ್ಟಿಲು, ವಿಮಾನದ ಕಿವಿ

ಮೂರನೆಯ ವರ್ಷದಲ್ಲಿ ಆ ಹುಡುಗಿಗೆ ದೆಹಲಿಯಿಂದ ಒಂದು ಸಂದರ್ಶನದ ಕರೆ ಬಂತು. ಆ ಮನೆಯಲ್ಲಿ ಅದುವರೆಗೆ ಯಾರೂ ವಿಮಾನ ಹತ್ತಿದವರಲ್ಲ. ಆದರೂ ವಿಮಾನದ ಬಗ್ಗೆ ಕೆಲಸಕ್ಕೆ ಬರುವ ಮೊದಲ ಸಲಹೆ ಕೊಟ್ಟವರು ಅವಳ ತಾತ, ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದು ನಿವೃತ್ತರಾದವರು. ‘ಇಳಿಯುವಾಗ ಕಿವಿ ಅಡಚಿಕೊಳ್ಳುತ್ತೆ. ಎಂಜಲು ನುಂಗುತ್ತಾ ಇರು, ಆಕಳಿಸು, ನಿದ್ದೆ ಮಾಡಬೇಡ.’

ತಾತನ ಮಾತು ಭೌತಶಾಸ್ತ್ರಕ್ಕೆ ಸರಿಯಾಗಿಯೇ ಇದೆ. ಗಣಿಯ ಕೇಜಿನಲ್ಲಿ ಪ್ರತಿ ಕಿಲೋಮೀಟರ್ ಕೆಳಗಿಳಿದಂತೆ ಗಾಳಿಯ ಒತ್ತಡ ಸುಮಾರು ಶೇ 12ರಷ್ಟು ಏರುತ್ತದೆ. ವಿಮಾನ 10-11 ಕಿ.ಮೀ. ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡವನ್ನು ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟಕ್ಕೆ ಕಾಯ್ದುಕೊಳ್ಳುತ್ತಾರೆ. ಅಂದರೆ ಕುಳಿತವರು ಹೆಚ್ಚುಕಡಿಮೆ ಊಟಿಯ ಗಾಳಿ ಉಸಿರಾಡುತ್ತಾರೆ. ಅಲ್ಲಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಇಳಿಯುವಾಗ ಒತ್ತಡದಲ್ಲಾಗುವ ಏರಿಕೆ, ಕೆ.ಜಿ.ಎಫ್.ನಲ್ಲಿ ಒಂದೂಕಾಲು ಕಿಲೋಮೀಟರ್ ಆಳದ ಗಣಿಗೆ ಇಳಿದಾಗ ಆಗುವಷ್ಟೇ. ಗಂಟಲಿನಿಂದ ನಡುಗಿವಿಗೆ ಹೋಗುವ ಸಣ್ಣ ನಾಳ ನುಂಗಿದಾಗ, ಆಕಳಿಸಿದಾಗ ತೆರೆಯುತ್ತದೆ. ಒಳಗಿನ ಹೊರಗಿನ ಒತ್ತಡ ಸಮವಾಗುತ್ತದೆ. ಮೂರು ಕಿಲೋಮೀಟರ್ ಮೀರಿದ ಆಳಕ್ಕೆ ಇಳಿಯುತ್ತಿದ್ದ ಊರಿನ ಹಿರಿಯರಿಗೆ ಇದನ್ನು ಪುಸ್ತಕ ಹೇಳಿಕೊಡಬೇಕಾಗಿರಲಿಲ್ಲ.

ವಿಮಾನದ ಎರಡೂಮುಕ್ಕಾಲು ಗಂಟೆಯನ್ನು ಪೂರ್ತಿ ಓದಿನ ಹೊತ್ತೆಂದು ಎಣಿಸಿದವರು ಮೋಸ ಹೋಗುತ್ತಾರೆ. ಏರುವ ಮೊದಲ ಇಪ್ಪತ್ತು ನಿಮಿಷ, ಇಳಿಯುವ ಕೊನೆಯ ಇಪ್ಪತ್ತೈದು ನಿಮಿಷ ಕಿವಿ, ಬೆಲ್ಟು, ಪ್ರಕಟಣೆಗಳಿಗೆ ಹೋಗುತ್ತವೆ. ನಡುವೆ ತಿಂಡಿಯ ಗಾಡಿ ಬರುತ್ತದೆ; ಮುಂದಿನ ಸೀಟಿನವರು ಹಿಂದಕ್ಕೆ ಒರಗಿದರೆ ಮಡಿಸುವ ಮೇಜು ಇನ್ನಷ್ಟು ಕಿರಿದಾಗುತ್ತದೆ. ಒಳಗಿನ ಗಾಳಿ ಬಲು ಒಣ, ಬಾಯಾರುತ್ತದೆ. ನೀರು ಕುಡಿಯದಿದ್ದರೆ ತಲೆ ಭಾರ. ಎಂಜಿನ್ನಿನ ಒಂದೇ ಸಮನೆಯ ಮೊರೆತ ಕೆಲವರಿಗೆ ಜೋಗುಳ, ಕೆಲವರಿಗೆ ಆಯಾಸ. ಇಷ್ಟೆಲ್ಲ ಕಳೆದು ನೆಟ್ಟಗೆ ಸಿಗುವುದು ಒಂದು ಗಂಟೆ. ಉಳಿದ ಹೊತ್ತು ಸಿಗುವುದು ಆಕಾಶದಲ್ಲಲ್ಲ, ನೆಲದ ಮೇಲೆ. ಕೆ.ಜಿ.ಎಫ್.ನಿಂದ ದೇವನಹಳ್ಳಿಗೆ ಹೋಗುವ ರಸ್ತೆಯ ದಾರಿ, ಅಲ್ಲಿ ಎರಡು ಗಂಟೆ ಮುಂಚೆ ಹೋಗಿ ಕಾಯುವ ಹೊತ್ತು, ಇವು ಹಾರಾಟಕ್ಕಿಂತ ದೀರ್ಘ. ಅಂಗಡಿಗಳ ಝಗಮಗದಲ್ಲಿ ಅಲೆಯುವ ಬದಲು ಭದ್ರತಾ ತಪಾಸಣೆ ಮುಗಿಸಿ ಒಂದು ಮೂಲೆಯ ಕುರ್ಚಿ ಹಿಡಿದವರಿಗೆ ನಿಜವಾದ ವಾಚನಾಲಯ ಅದೇ.

ಹುಡುಗಿ ಮಾಡಿದ್ದೂ ಹಾಗೆಯೇ. ರೈಲಿನ ಪದ್ಧತಿಯನ್ನೇ ವಿಮಾನಕ್ಕೆ ಒಯ್ದಳು. ಕಾಯುವ ಹೊತ್ತಿನಲ್ಲಿ ಓದು, ಮೇಲೇರಿದ ಮೇಲೆ ಒಂದು ಗಂಟೆ ಟಿಪ್ಪಣಿ, ಇಳಿಯುವಾಗ ಪುಸ್ತಕ ಮುಚ್ಚಿ ಎಂಜಲು ನುಂಗುತ್ತಾ ನೆನಪಿಸಿಕೊಳ್ಳುವುದು. ವಿಮಾನದಲ್ಲಿ ಅವಳಿಗೆ ಒಂದು ಅನುಕೂಲ ಸಿಕ್ಕಿತು: ಫೋನನ್ನು ಫ್ಲೈಟ್ ಮೋಡಿಗೆ ಹಾಕಲೇಬೇಕು. ಕೆಲವು ವಿಮಾನಗಳಲ್ಲಿ ಈಗ ಇಂಟರ್‌ನೆಟ್ ಬಂದಿದೆಯಾದರೂ ಅದನ್ನು ಬಳಸಲೇಬೇಕೆಂಬ ಕಡ್ಡಾಯವಿಲ್ಲ. ರೈಲಿನಲ್ಲಿ ಹಾಗೆ ಹೇಳುವ ಗಗನಸಖಿ ಇಲ್ಲ. ಆ ಗುಂಡಿಯನ್ನು ತಾವೇ ಒತ್ತಿಕೊಳ್ಳಬೇಕು. ಬಂಗಾರಪೇಟೆಯಿಂದ ಮಾಲೂರಿನವರೆಗೆ ನೆಲದ ಮೇಲೆಯೇ ಫ್ಲೈಟ್ ಮೋಡ್ ರೂಢಿಯಾಗಿದ್ದ ಅವಳಿಗೆ ಆಕಾಶದಲ್ಲಿ ಅದು ಹೊಸದೆನಿಸಲಿಲ್ಲ.

ಕಿಟಕಿಯೂ ಒಂದು ಪುಸ್ತಕ

ಏಕಾಗ್ರತೆ ಎಂದರೆ ತಲೆ ಬಗ್ಗಿಸಿ ಓದುವುದು ಮಾತ್ರ ಎಂದು ತಿಳಿದರೆ ಅರ್ಧ ಪ್ರಯಾಣ ವ್ಯರ್ಥ. 1921ರಲ್ಲಿ ಸಿ.ವಿ. ರಾಮನ್ ಇಂಗ್ಲೆಂಡಿನಿಂದ ನರ್ಕುಂಡ ಎಂಬ ಹಡಗಿನಲ್ಲಿ ಮರಳುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರ ಗಮನ ಸೆಳೆಯಿತು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವೆಂದು ಆಗ ದೊಡ್ಡವರು ಹೇಳಿದ್ದರು. ರಾಮನ್ ಬಳಿ ಒಂದು ನಿಕಲ್ ಪಟ್ಟಕವಿತ್ತು. ಅದರ ಮೂಲಕ ನೀರಿನ ಮೇಲ್ಮೈಯ ಪ್ರತಿಫಲನವನ್ನು ತಡೆದು ನೋಡಿದರು. ನೀಲಿ ಮಾಸಲಿಲ್ಲ, ಇನ್ನೂ ಗಾಢವಾಯಿತು. ಬೆಳಕನ್ನು ನೀರಿನ ಅಣುಗಳೇ ಚದುರಿಸುತ್ತಿವೆ ಎಂಬ ವಿಚಾರವನ್ನು ಬರೆದು, ಹಡಗು ಮುಂಬೈ ಬಂದರಿಗೆ ಬಂದಾಗ ‘ನೇಚರ್’ ಪತ್ರಿಕೆಗೆ ಕಳಿಸಿದರು. 1928ರ ರಾಮನ್ ಪರಿಣಾಮದ ದಾರಿ ಅಲ್ಲಿಂದ ಶುರು. 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ರಾಮನ್ ಅವರ ಆ ಸಮುದ್ರಯಾನ, ನೋಡುವುದೂ ಕೆಲಸವೇ ಎಂಬುದಕ್ಕೆ ಸಾಕ್ಷಿ.

ಅವರ ಅಣ್ಣನ ಮಗ ಎಸ್. ಚಂದ್ರಶೇಖರ್ 1930ರ ಜುಲೈ 31ರಂದು ಮುಂಬೈಯಿಂದ ಇಂಗ್ಲೆಂಡಿನ ಓದಿಗಾಗಿ ಹಡಗು ಹತ್ತಿದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಹಡಗಿನಲ್ಲಿ ವಾರಗಟ್ಟಲೆ ಬಿಡುವು. ಶ್ವೇತಕುಬ್ಜ ನಕ್ಷತ್ರಗಳ ಲೆಕ್ಕದಲ್ಲಿ ಐನ್‌ಸ್ಟೈನರ ಸಾಪೇಕ್ಷತೆಯನ್ನು ಸೇರಿಸಿದರೆ ಏನಾಗುತ್ತದೆಂದು ಯೋಚಿಸುತ್ತಾ ಅವರು ಲೆಕ್ಕ ಹಾಕಿದರು. ಇಂಥ ನಕ್ಷತ್ರದ ತೂಕಕ್ಕೊಂದು ಮಿತಿ ಇದೆ ಎಂಬುದು ಹೊರಬಿತ್ತು. ಸೂರ್ಯನ ತೂಕದ ಸುಮಾರು 1.4 ಪಟ್ಟು ಎಂದು ಈಗ ಎಲ್ಲ ಪಠ್ಯಪುಸ್ತಕಗಳಲ್ಲಿರುವ ಚಂದ್ರಶೇಖರ್ ಮಿತಿ ಅದೇ. ಅವರಿಗೆ ನೊಬೆಲ್ ಬಂದದ್ದು 1983ರಲ್ಲಿ. ಒಂದು ಪ್ರಶ್ನೆಯನ್ನು ಜೊತೆಗಿಟ್ಟುಕೊಂಡು ಹಡಗು ಹತ್ತಿದ್ದೇ ಅವರ ಬಂಡವಾಳ.

ಎಲ್ಲರೂ ರಾಮನ್ ಆಗಬೇಕಾಗಿಲ್ಲ. ಆದರೆ ಒಂದು ಪ್ರಶ್ನೆ ಎಲ್ಲರ ಜೇಬಿನಲ್ಲೂ ಹಿಡಿಯುತ್ತದೆ. ರೈಲಿನ ಪಕ್ಕದ ವಿದ್ಯುತ್ ಕಂಬಗಳ ಮೇಲೆ ಕಿಲೋಮೀಟರಿನ ಅಂಕಿ ಬರೆದಿರುತ್ತಾರೆ. ಅಂಕಿ ಬದಲಾಗಲು ಎಷ್ಟು ಸೆಕೆಂಡು ಹಿಡಿಯಿತೋ ಅದರಿಂದ 3,600ನ್ನು ಭಾಗಿಸಿದರೆ ಗಾಡಿಯ ವೇಗ ಸಿಗುತ್ತದೆ. 60 ಸೆಕೆಂಡಾದರೆ ಗಂಟೆಗೆ 60 ಕಿ.ಮೀ., 45 ಆದರೆ 80. ಹತ್ತು ವರ್ಷದ ಮಗುವೂ ಇದನ್ನು ಮಾಡಬಲ್ಲದು. ವಿಮಾನದಲ್ಲಿ ನೀರು ಕುಡಿದು ಖಾಲಿಯಾದ ಪ್ಲಾಸ್ಟಿಕ್ ಬಾಟಲಿಯನ್ನು ಮೇಲಿರುವಾಗ ಬಿಗಿಯಾಗಿ ಮುಚ್ಚಿಟ್ಟರೆ, ಇಳಿದ ಮೇಲೆ ಅದು ಅಮುಕಿದಂತೆ ಕುಗ್ಗಿರುತ್ತದೆ. ಬಾಯ್ಲ್ ನಿಯಮಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗವಿಲ್ಲ. ಪ್ರತಿ ಕಿಲೋಮೀಟರ್ ಏರಿದಂತೆ ಸುಮಾರು ಆರೂವರೆ ಡಿಗ್ರಿ ತಂಪು: ಬೆಂಗಳೂರಿನ 25 ಡಿಗ್ರಿಯಿಂದ ಹತ್ತು ಕಿಲೋಮೀಟರ್ ಮೇಲೇರಿದರೆ ಹೊರಗೆ ಮೈನಸ್ 40ರ ಆಸುಪಾಸು. ಸೂರ್ಯನಿಗೆ ಎದುರು ಬದಿಯ ಕಿಟಕಿಯಲ್ಲಿ ಕುಳಿತರೆ ಕೆಳಗಿನ ಮೋಡದ ಮೇಲೆ ವಿಮಾನದ ನೆರಳು, ಅದರ ಸುತ್ತ ಬಣ್ಣದ ಬಳೆ ಕೆಲವೊಮ್ಮೆ ಕಾಣುತ್ತದೆ.

ಕೆ.ಜಿ.ಎಫ್.ನ ಮಕ್ಕಳಿಗೆ ಆ ಎತ್ತರದಲ್ಲಿ ನೆನೆಯಲು ಇನ್ನೊಂದು ಸಂಗತಿ ಇದೆ. ಅಲ್ಲಿ ಕಾಸ್ಮಿಕ್ ಕಿರಣಗಳು ನೆಲಕ್ಕಿಂತ ಹಲವು ಪಟ್ಟು ಹೆಚ್ಚು. ಗಣಿಯ ಆಳದಲ್ಲಿ ಅವು ಬಲು ವಿರಳ. ಆ ಕಾರಣಕ್ಕಾಗಿಯೇ 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳ ಜೊತೆ ಸೇರಿ, ಕೋಲಾರದ ಗಣಿಯಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಪತ್ತೆ ಮಾಡಿದರು. ತಾತ ದುಡಿದ ಆಳ, ಮೊಮ್ಮಗಳು ಹಾರುವ ಎತ್ತರ ಎರಡೂ ಒಂದೇ ಪಾಠದ ಎರಡು ಪುಟಗಳು.

ತಂದೆತಾಯಿಯರಿಗೆ ಒಂದು ಮಾತು

ದೂರದಿಂದ ಓದಲು ಹೋಗುವ ಮಕ್ಕಳನ್ನು ‘ಐದು ಗಂಟೆ ರೈಲಿನಲ್ಲಿ ಏನು ಮಾಡಿದೆ?’ ಎಂದು ಕೇಳುವ ಪೋಷಕರಿದ್ದಾರೆ. ಅವರ ಆತಂಕ ಸುಳ್ಳಲ್ಲ. ಆದರೆ ಪ್ರಶ್ನೆ ಸರಿಯಲ್ಲ. ನಸುಕಿಗೆ ಎದ್ದ ಮಗುವಿಗೆ ರೈಲಿನ ಅರ್ಧ ಗಂಟೆ ನಿದ್ದೆ ನಷ್ಟವಲ್ಲ, ಔಷಧಿ. ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಆ ಬೋಗಿಯ ಮಾತುಕತೆ ಕೂಡ ಒಂದು ಶಿಕ್ಷಣ. ಹೂ ಕಟ್ಟುವ ಹೆಂಗಸರು, ತರಕಾರಿ ಬಿಡಿಸುವವರು, ಪೇಪರಿನ ಹಾಳೆಗಳನ್ನು ಹಂಚಿಕೊಂಡು ಓದುವ ಹಿರಿಯರು, ಇವರೆಲ್ಲರೂ ಪ್ರಯಾಣದ ಹೊತ್ತನ್ನು ತಮ್ಮ ತಮ್ಮ ರೀತಿಯಲ್ಲಿ ಉಳಿಸಿಕೊಂಡವರೇ. ಮಕ್ಕಳಿಗೆ ಕೇಳಬೇಕಾದ ಪ್ರಶ್ನೆ ಒಂದೇ, ಅದೂ ಹಿಂದಿನ ರಾತ್ರಿ: ‘ನಾಳೆ ರೈಲಿಗೆ ಏನು ಇಟ್ಟುಕೊಂಡಿದ್ದೀ?’ ಬುತ್ತಿಯ ಬಗ್ಗೆ ಕೇಳುವಷ್ಟೇ ಸಹಜವಾಗಿ ಇದನ್ನೂ ಕೇಳಬಹುದು.

ಕೋಲಾರದ ಗಣಿಗಳಿಂದ ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಬಂತು. ಅದು ಗಟ್ಟಿಗಟ್ಟಿಯಾಗಿ ಸಿಕ್ಕಿದ್ದಲ್ಲ. ಒಂದು ಟನ್ ಕಲ್ಲನ್ನು ಮೇಲೆತ್ತಿ, ಕುಟ್ಟಿ, ಅರೆದು, ತೊಳೆದರೆ ಕೆಲವೇ ಗ್ರಾಂ. ಉಳಿದದ್ದೆಲ್ಲ ಊರಿನ ಸುತ್ತ ಇಂದಿಗೂ ನಿಂತಿರುವ ಸೈನೈಡ್ ಗುಡ್ಡ. ಅಷ್ಟು ಕಲ್ಲಿಗೆ ಇಷ್ಟೇ ಚಿನ್ನವೇ ಎಂದು ಗಣಿಯವರು ಯಾರೂ ಕೆಲಸ ಬಿಡಲಿಲ್ಲ. ಎರಡೂವರೆ ಗಂಟೆಯ ಪ್ರಯಾಣದಲ್ಲಿ ನಲವತ್ತು ನಿಮಿಷದ ಗಟ್ಟಿ ಗಮನ ಸಿಕ್ಕಿದರೆ ಅದು ಬಲು ಶ್ರೀಮಂತ ಅದಿರು. ಅದು ಮಾರಿಕುಪ್ಪಂನ ಬೋಗಿಯಲ್ಲಿ ಸಿಕ್ಕಿತೋ, ಮೋಡದ ಮೇಲೆ ಸಿಕ್ಕಿತೋ ಎಂಬುದು ಮುಖ್ಯವಲ್ಲ.